ಟೈಟಾನಿಕ್‌ನ ತಂಗಿ: ಬಿಳಿ ಬಣ್ಣ ಬಳಿದ ಬ್ರಿಟಾನಿಕ್

ಟೈಟಾನಿಕ್ ಹಡಗಿನ ಕಥೆ ಗೊತ್ತಿಲ್ಲದವರು ಕಡಿಮೆ. 1912ರ ಏಪ್ರಿಲ್‌ನಲ್ಲಿ ತನ್ನ ಮೊದಲ ಪಯಣದಲ್ಲೇ ಹಿಮಬಂಡೆಗೆ ಬಡಿದು, 1,500ಕ್ಕೂ ಹೆಚ್ಚು ಜನರೊಂದಿಗೆ ಅಟ್ಲಾಂಟಿಕ್ ಸಾಗರದ ತಳ ಸೇರಿದ ಆ ಹಡಗಿನ ಬಗ್ಗೆ ಪುಸ್ತಕಗಳು ಬಂದಿವೆ, ಸಿನಿಮಾ ಬಂದಿದೆ. ಆದರೆ ಟೈಟಾನಿಕ್‌ಗೆ ಒಬ್ಬ ಅಕ್ಕ, ಒಬ್ಬ ತಂಗಿ ಇದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಕ್ಕ ಒಲಿಂಪಿಕ್ 24 ವರ್ಷ ಸಮುದ್ರದಲ್ಲಿ ದುಡಿದು, ಮುದಿಯಾಗಿ ಗುಜರಿಗೆ ಹೋಯಿತು. ತಂಗಿ ಬ್ರಿಟಾನಿಕ್‌ನದು ಬೇರೆಯೇ ಹಣೆಬರಹ. ಶ್ರೀಮಂತ ಪ್ರಯಾಣಿಕರನ್ನು ನ್ಯೂಯಾರ್ಕ್‌ಗೆ ಕೊಂಡೊಯ್ಯಲೆಂದು ಕಟ್ಟಿದ ಈ ಹಡಗು ಟಿಕೆಟ್ ಕೊಂಡ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಹತ್ತಿಸಿಕೊಳ್ಳಲಿಲ್ಲ. ಅದು ಹೊತ್ತದ್ದೆಲ್ಲ ಕೈಕಾಲು ಕಳೆದುಕೊಂಡ, ಭೇದಿಯಿಂದ ನರಳುತ್ತಿದ್ದ ಸೈನಿಕರನ್ನು.

ಟೈಟಾನಿಕ್ ಮುಳುಗಿದ್ದಕ್ಕಿಂತ ವೇಗವಾಗಿ ಮುಳುಗಿದ್ದು ಈ ತಂಗಿ. ಅಕ್ಕನ ಸಾವಿನಿಂದ ಪಾಠ ಕಲಿತು, ಅದೇ ತಪ್ಪು ಮರುಕಳಿಸಬಾರದೆಂದು ಎಚ್ಚರದಿಂದ ಕಟ್ಟಿದ ಹಡಗು ಇದು. ಹಾಗಾದರೆ ಏನಾಯಿತು?

ಮೂವರೂ ವೈಟ್ ಸ್ಟಾರ್ ಕಂಪೆನಿಯ ಹಡಗುಗಳು. ಮೂರನ್ನೂ ಕಟ್ಟಿದ್ದು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿರುವ ಹಾರ್ಲಂಡ್ ಅಂಡ್ ವುಲ್ಫ್ ಎಂಬ ನೌಕಾ ಕಾರ್ಖಾನೆ. ಬ್ರಿಟಾನಿಕ್‌ನ ಅಡಿಪಾಯ ಬಿದ್ದದ್ದು 1911ರ ನವೆಂಬರ್ 30ರಂದು. ನಾಲ್ಕೂವರೆ ತಿಂಗಳಲ್ಲಿ ಟೈಟಾನಿಕ್ ದುರಂತ ಸಂಭವಿಸಿತು. ಕಾರ್ಖಾನೆಯ ಎಂಜಿನಿಯರುಗಳು ನಕ್ಷೆಗಳನ್ನು ಮತ್ತೆ ಮೇಜಿನ ಮೇಲೆ ಹರಡಿಕೊಂಡು ಕೂರಬೇಕಾಯಿತು.

ಟೈಟಾನಿಕ್‌ನ ಒಡಲನ್ನು ಉಕ್ಕಿನ ಅಡ್ಡಗೋಡೆಗಳಿಂದ 16 ಕೋಣೆಗಳಾಗಿ ವಿಂಗಡಿಸಿದ್ದರು. ಒಂದು ಕೋಣೆಗೆ ನೀರು ನುಗ್ಗಿದರೂ ಮುಂದಿನದಕ್ಕೆ ಹರಿಯದಿರಲೆಂದು ಈ ಏರ್ಪಾಡು. ಮುಂಭಾಗದ ನಾಲ್ಕು ಕೋಣೆ ತುಂಬಿದರೂ ಹಡಗು ತೇಲುತ್ತದೆಂಬ ಲೆಕ್ಕ. ಹಿಮಬಂಡೆ ಅದಕ್ಕಿಂತ ಹೆಚ್ಚು ಕೋಣೆಗಳನ್ನು ಸೀಳಿತು. ಅಡ್ಡಗೋಡೆಗಳು ಮೇಲಿನ ಅಂತಸ್ತಿನವರೆಗೆ ಇರಲಿಲ್ಲ. ಹಡಗಿನ ಮೂತಿ ಬಾಗಿದಂತೆಲ್ಲ ನೀರು ಗೋಡೆಯ ನೆತ್ತಿ ದಾಟಿ ಮುಂದಿನ ಕೋಣೆಗೆ ಸುರಿಯಿತು. ಗುಳಿಯಪ್ಪದ ಕಾವಲಿಯನ್ನು ಓರೆ ಹಿಡಿದು ನೀರು ಹೊಯ್ದರೆ ಒಂದು ಗುಳಿ ತುಂಬಿ ಮುಂದಿನದಕ್ಕೆ ಹರಿಯುತ್ತದಲ್ಲ, ಹಾಗೆ.

ಬ್ರಿಟಾನಿಕ್‌ನಲ್ಲಿ ಈ ದೋಷವನ್ನು ಸರಿಪಡಿಸಿದರು. ಐದು ಅಡ್ಡಗೋಡೆಗಳನ್ನು ಬಹಳ ಎತ್ತರಕ್ಕೆ ಏರಿಸಿದರು. ಬಾಯ್ಲರ್ ಹಾಗೂ ಎಂಜಿನ್ ಕೋಣೆಗಳ ಉದ್ದಕ್ಕೂ ಒಂದರೊಳಗೊಂದು ಎರಡು ಹೊರಮೈ ಕೂರಿಸಿದರು. ಅದಕ್ಕಾಗಿ ಹಡಗಿನ ಅಗಲವನ್ನೇ ಹೆಚ್ಚಿಸಬೇಕಾಯಿತು. ಈಗ ಮುಂದಿನ ಆರು ಕೋಣೆ ತುಂಬಿದರೂ ಅದು ತೇಲಬಲ್ಲುದಾಗಿತ್ತು. ಟೈಟಾನಿಕ್‌ನ ಇನ್ನೊಂದು ಹುಳುಕು, ಜೀವರಕ್ಷಕ ದೋಣಿಗಳ ಕೊರತೆ. ಇಲ್ಲಿ ಅದಕ್ಕೂ ಪರಿಹಾರ ಕಂಡುಕೊಂಡರು. ವಿದ್ಯುತ್ತಿನಿಂದ ನಡೆಯುವ ದೈತ್ಯ ಕ್ರೇನ್‌ಗಳನ್ನು ಹಡಗಿನ ಮೇಲೆ ನಿಲ್ಲಿಸಿ, ಒಂದೊಂದೂ ಹಲವು ದೋಣಿಗಳನ್ನು ಇಳಿಸುವಂತೆ ಮಾಡಿದರು. ಇಂಥ ಎಂಟು ಜೊತೆ ಕ್ರೇನ್‌ಗಳನ್ನು ಹಾಕುವ ಯೋಜನೆಯಿತ್ತು. ಯುದ್ಧದ ಅವಸರದಲ್ಲಿ ಐದನ್ನು ಮಾತ್ರ ಕೂರಿಸಿದರು. ಉಳಿದ ದೋಣಿಗಳಿಗೆ ಹಳೆಯ ಮಾದರಿಯ ತೂಗುಗಂಬಗಳೇ ಗತಿಯಾದವು.

ಹಡಗಿನ ಗಾತ್ರದ ಬಗ್ಗೆ ಒಂದು ಮಾತು. ಅದರ ಉದ್ದ 882 ಅಡಿ. ನಮ್ಮ ಜೋಗ ಜಲಪಾತದ ಎತ್ತರ ಸುಮಾರು 830 ಅಡಿ. ಅಂದರೆ ಜೋಗದ ಗುಂಡಿಯಲ್ಲಿ ಈ ಹಡಗನ್ನು ನೆಟ್ಟಗೆ ನಿಲ್ಲಿಸಿದರೆ ಮೂತಿ ಜಲಪಾತದ ನೆತ್ತಿಯಿಂದ 50 ಅಡಿ ಮೇಲೆ ಇಣುಕುತ್ತಿತ್ತು. ಈ 882 ಅಡಿಯ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಭೋಜನ ಶಾಲೆಯಲ್ಲಿ ಶಸ್ತ್ರಚಿಕಿತ್ಸೆ

1914ರ ಫೆಬ್ರುವರಿ 26ರಂದು ಬ್ರಿಟಾನಿಕ್ ನೀರಿಗಿಳಿಯಿತು. ಒಳಗಿನ ಮರಗೆಲಸ, ಅಲಂಕಾರ ಇನ್ನೂ ಬಾಕಿಯಿದ್ದಾಗಲೇ ಆಗಸ್ಟ್‌ನಲ್ಲಿ ಮೊದಲನೇ ಮಹಾಯುದ್ಧ ಸಿಡಿಯಿತು. ಉಕ್ಕು, ಕೂಲಿಯಾಳು ಎಲ್ಲ ಯುದ್ಧನೌಕೆಗಳ ಪಾಲಾದವು. ಐಷಾರಾಮಿ ಹಡಗು ಯಾರಿಗೆ ಬೇಕಿತ್ತು? ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಬೆಲ್‌ಫಾಸ್ಟ್‌ನಲ್ಲಿ ಅರೆಬರೆಯಾಗಿ ನಿಂತಿತ್ತು.

ಅದನ್ನು ಎಬ್ಬಿಸಿದ್ದು ಗಲಿಪೊಲಿ. 1915ರ ಏಪ್ರಿಲ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತುರ್ಕಿಯ ಈ ಕಿರಿದಾದ ಭೂಚಾಚಿನ ಮೇಲೆ ಸೈನ್ಯ ಇಳಿಸಿದವು. ಬ್ರಿಟಿಷರ ಜೊತೆಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಭಾರತದ ಸೈನಿಕರೂ ಅಲ್ಲಿದ್ದರು. ವಾರಗಳಲ್ಲಿ ಮುಗಿಯಬೇಕಿದ್ದ ಕಾರ್ಯಾಚರಣೆ ತಿಂಗಳುಗಟ್ಟಲೆ ಎಳೆಯಿತು. ಗುಂಡೇಟಿಗೆ ಬಿದ್ದವರಷ್ಟೇ ಅಲ್ಲ, ಭೇದಿ, ಜ್ವರ, ಕೊನೆಗೆ ಚಳಿಗಾಲದ ಹಿಮಕ್ಕೆ ಸಿಕ್ಕಿ ಕಾಲ್ಬೆರಳು ಕೊಳೆತವರು ಸಾವಿರಾರು. ಇವರನ್ನೆಲ್ಲ ಸುಮಾರು 3,000 ಮೈಲಿ ದೂರದ ಇಂಗ್ಲೆಂಡಿಗೆ ಸಾಗಿಸಬೇಕು. ಸಣ್ಣಪುಟ್ಟ ಹಡಗುಗಳು ಸಾಲಲಿಲ್ಲ. ಪ್ರಸಿದ್ಧ ಪ್ರಯಾಣಿಕ ಹಡಗುಗಳಾದ ಮಾರಿಟೇನಿಯ, ಅಕ್ವಿಟೇನಿಯಗಳನ್ನು ಆಸ್ಪತ್ರೆಗಳಾಗಿ ಮಾರ್ಪಡಿಸಿದರು. ಅದೂ ಸಾಲದೆ 1915ರ ನವೆಂಬರ್ 13ರಂದು ಸರ್ಕಾರ ಬ್ರಿಟಾನಿಕ್‌ನ್ನು ವಶಕ್ಕೆ ತೆಗೆದುಕೊಂಡಿತು.

ಸುಮಾರು ಒಂದು ತಿಂಗಳಲ್ಲಿ ಹಡಗು ಆಸ್ಪತ್ರೆಯಾಯಿತು. ಒಟ್ಟು 3,309 ಹಾಸಿಗೆ. ಮೊದಲ ದರ್ಜೆಯ ಭೋಜನ ಶಾಲೆ ಮತ್ತು ಅದರ ಪಕ್ಕದ ಸ್ವಾಗತ ಕೋಣೆಗಳಲ್ಲಿ ಶಸ್ತ್ರಚಿಕಿತ್ಸೆಯ ಮೇಜುಗಳೂ ಗಾಯಾಳುಗಳ ಮಂಚಗಳೂ ಬಂದವು. ಲಕ್ಷಾಧಿಪತಿಗಳು ಮಲಗಬೇಕಿದ್ದ ಕೋಣೆಗಳಲ್ಲಿ ವೈದ್ಯರು ಬಿಡಾರ ಹೂಡಿದರು. ಕೆಳಗಿನ ಅಂತಸ್ತುಗಳಲ್ಲಿ ಸಾಲು ಸಾಲು ವಾರ್ಡ್‌ಗಳು. ಕಪ್ತಾನನಾಗಿ ಬಂದವನು ಚಾರ್ಲ್ಸ್ ಬಾರ್ಟ್ಲೆಟ್. ದೂರದಿಂದಲೇ ಹಿಮಬಂಡೆಯ ವಾಸನೆ ಹಿಡಿಯುತ್ತಾನೆಂದು ನಾವಿಕರು ಅವನಿಗೆ 'ಐಸ್‌ಬರ್ಗ್ ಚಾರ್ಲಿ' ಎಂದು ಅಡ್ಡಹೆಸರಿಟ್ಟಿದ್ದರು. ಟೈಟಾನಿಕ್‌ನ ತಂಗಿಗೆ ತಕ್ಕ ಕಪ್ತಾನನೇ ಸರಿ. ಆದರೆ ಅವನ ಹಡಗು ಹೊರಟ ಸಮುದ್ರದಲ್ಲಿ ಹಿಮಬಂಡೆಗಳೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಣ್ಣದ್ದು. ಹಡಗಿಗೆ ಪೂರ್ತಿ ಬಿಳಿ ಬಳಿದು, ನಡುವೆ ಉದ್ದಕ್ಕೂ ಹಸಿರು ಪಟ್ಟಿ ಎಳೆದು, ಮೈಲಿಗಟ್ಟಲೆ ದೂರಕ್ಕೆ ಕಾಣುವಂತೆ ದೊಡ್ಡ ಕೆಂಪು ಶಿಲುಬೆಗಳನ್ನು ಬರೆದರು. ರಾತ್ರಿ ಹೊತ್ತು ಹಸಿರು ದೀಪಗಳ ಸಾಲು, ಬೆಳಗುವ ಶಿಲುಬೆ. ಯುದ್ಧಕಾಲದ ಉಳಿದ ಹಡಗುಗಳು ದೀಪ ಆರಿಸಿ ಕತ್ತಲಲ್ಲಿ ಅಡಗಿ ಸಾಗುತ್ತಿದ್ದರೆ, ಆಸ್ಪತ್ರೆ ಹಡಗು ಮಾತ್ರ ಜಾತ್ರೆಯ ತೇರಿನಂತೆ ಝಗಝಗಿಸುತ್ತ ಹೋಗುತ್ತಿತ್ತು.

ಇದು ಬ್ರಿಟಿಷರ ಸೊಗಸುಗಾರಿಕೆಯಲ್ಲ, ಅಂತರರಾಷ್ಟ್ರೀಯ ಕಾನೂನು. 1907ರ ಹೇಗ್ ಒಪ್ಪಂದದ ಪ್ರಕಾರ ಸೈನ್ಯದ ಆಸ್ಪತ್ರೆ ಹಡಗು ಬಿಳಿಯಾಗಿರಬೇಕು, ಅದರ ಮೇಲೆ ಸುಮಾರು ಒಂದೂವರೆ ಮೀಟರ್ ಅಗಲದ ಹಸಿರು ಪಟ್ಟಿ ಇರಬೇಕು. ಹಡಗಿನ ಹೆಸರನ್ನು ಶತ್ರುವಿಗೆ ಮೊದಲೇ ತಿಳಿಸಬೇಕು. ಯಾವ ದೇಶದ ಗಾಯಾಳು ಸಿಕ್ಕರೂ ಶುಶ್ರೂಷೆ ಮಾಡಬೇಕು. ಸೈನಿಕ ಕೆಲಸಕ್ಕೆ ಬಳಸಕೂಡದು. ಇಷ್ಟು ಪಾಲಿಸಿದರೆ ಶತ್ರು ಅದರ ಮೇಲೆ ಗುಂಡು ಹಾರಿಸುವಂತಿಲ್ಲ. ಅನುಮಾನ ಬಂದರೆ ತಡೆದು ನಿಲ್ಲಿಸಿ ತಪಾಸಣೆ ಮಾಡಬಹುದು, ಅಷ್ಟೇ. ಒಟ್ಟಿನಲ್ಲಿ ಇಡೀ ಏರ್ಪಾಡು ನಿಂತದ್ದು ಒಂದೇ ಒಂದು ನಂಬಿಕೆಯ ಮೇಲೆ. ಎದುರಾಳಿ ಆ ಬಿಳಿ ಬಣ್ಣವನ್ನು ಕಣ್ಣಾರೆ ನೋಡುತ್ತಾನೆ, ನೋಡಿ ಸುಮ್ಮನಾಗುತ್ತಾನೆ ಎಂಬುದೇ ಆ ನಂಬಿಕೆ.

1915ರ ಡಿಸೆಂಬರ್ 23ರಂದು ಲಿವರ್‌ಪೂಲ್‌ನಿಂದ ಬ್ರಿಟಾನಿಕ್‌ನ ಮೊದಲ ಪಯಣ. ಇಟಲಿಯ ನೇಪಲ್ಸ್‌ನಲ್ಲಿ ಕಲ್ಲಿದ್ದಲು, ನೀರು ತುಂಬಿಕೊಂಡು ಗ್ರೀಸ್‌ನ ಲೆಮ್ನೊಸ್ ದ್ವೀಪದ ಮುದ್ರೋಸ್ ಬಂದರಿಗೆ ಹೋಗುವುದು, ಗಾಯಾಳುಗಳನ್ನು ಹತ್ತಿಸಿಕೊಂಡು ಇಂಗ್ಲೆಂಡಿನ ಸೌತಾಂಪ್ಟನ್‌ಗೆ ಮರಳುವುದು. ಹೀಗೆ ಐದು ಪಯಣ ಸುಗಮವಾಗಿ ಮುಗಿದವು. ನಡುವೆ ಕೆಲಕಾಲ ಕೆಲಸವಿಲ್ಲದೆ ಬೆಲ್‌ಫಾಸ್ಟ್‌ಗೆ ಮರಳಿದ್ದೂ ಉಂಟು. 1916ರ ನವೆಂಬರ್ 12ರಂದು ಆರನೇ ಬಾರಿ ಹೊರಟಿತು. ನಾವಿಕರು 673, ಸೈನ್ಯದ ವೈದ್ಯಕೀಯ ಸಿಬ್ಬಂದಿ 315, ದಾದಿಯರು 77. ರೋಗಿ ಒಬ್ಬನೂ ಇಲ್ಲ, ಹೋಗುವ ದಾರಿಯಲ್ವೆ. ನೇಪಲ್ಸ್‌ನಲ್ಲಿ ಬಿರುಗಾಳಿಯಿಂದಾಗಿ ಎರಡು ದಿನ ನಿಂತು, 19ರಂದು ಮುಂದೆ ಸಾಗಿತು.

ಐವತ್ತೈದು ನಿಮಿಷ

ನವೆಂಬರ್ 21, ಮಂಗಳವಾರ. ಅಥೆನ್ಸ್‌ಗೆ ಆಗ್ನೇಯದಲ್ಲಿ ಕೀಯಾ ಎಂಬ ದ್ವೀಪ. ಅದಕ್ಕೂ ಪಕ್ಕದ ದ್ವೀಪಕ್ಕೂ ನಡುವಿನ ಜಲಮಾರ್ಗದಲ್ಲಿ ಹಡಗು ಸಾಗುತ್ತಿತ್ತು. ತಿಳಿ ಆಕಾಶ, ಶಾಂತ ಸಮುದ್ರ. ದಾದಿಯರು, ವೈದ್ಯರು ಬೆಳಗಿನ ಉಪಾಹಾರಕ್ಕೆ ಕುಳಿತಿದ್ದರು. 8 ಗಂಟೆ 12 ನಿಮಿಷಕ್ಕೆ ಹಡಗಿನ ಮುಂಭಾಗದಲ್ಲಿ, ಬಲಮಗ್ಗುಲಿಗೆ ಭಾರಿ ಸ್ಫೋಟವಾಯಿತು.

ಮುಂದಿನ ನಾಲ್ಕು ಕೋಣೆಗಳಿಗೆ ನೀರು ನುಗ್ಗಿತು. ಅಡ್ಡಗೋಡೆಗಳ ನಡುವಿನ ಕೆಲವು ಬಾಗಿಲುಗಳು ಮುಚ್ಚಿಕೊಳ್ಳಲಿಲ್ಲ. ಬಾಯ್ಲರ್ ಕೋಣೆಗಳಲ್ಲಿ ಪಾಳಿ ಬದಲಾಗುವ ಹೊತ್ತಾದ್ದರಿಂದ ಓಡಾಡಲು ಅವನ್ನು ತೆರೆದಿಟ್ಟಿದ್ದರು, ಸ್ಫೋಟದ ಹೊಡೆತಕ್ಕೆ ಮುಚ್ಚುವ ಯಂತ್ರ ಕೈಕೊಟ್ಟಿತು ಎಂಬ ವಿವರಣೆಯಿದೆ. ಐದನೆಯ, ಆರನೆಯ ಕೋಣೆಗಳೂ ತುಂಬತೊಡಗಿದವು. ಆದರೂ ಎಂಜಿನಿಯರುಗಳ ಲೆಕ್ಕದ ಪ್ರಕಾರ ಹಡಗು ತೇಲಬೇಕಿತ್ತು. ಆರು ಕೋಣೆಗೆಂದೇ ಅದನ್ನು ಕಟ್ಟಿದ್ದಲ್ಲವೆ? ಎತ್ತರಿಸಿದ ಅಡ್ಡಗೋಡೆ ಗಟ್ಟಿಯಾಗಿಯೇ ನಿಂತಿತ್ತು.

ಹಡಗನ್ನು ಮುಳುಗಿಸಿದ್ದು ಕಿಟಕಿಗಳು. ಅಂದು ಮಧ್ಯಾಹ್ನದ ಹೊತ್ತಿಗೆ ಮುದ್ರೋಸ್ ತಲುಪಿ ಗಾಯಾಳುಗಳನ್ನು ತುಂಬಿಕೊಳ್ಳಬೇಕಿತ್ತು. ವಾರ್ಡ್‌ಗಳಿಗೆ ಒಳ್ಳೆಯ ಗಾಳಿ ಆಡಲೆಂದು ಕೆಳಗಿನ ಅಂತಸ್ತಿನ ದುಂಡು ಕಿಟಕಿಗಳನ್ನು ದಾದಿಯರು ತೆರೆದಿಟ್ಟಿದ್ದರು. ಅಪಾಯದ ನೀರಿನಲ್ಲಿ ಹಾಗೆ ತೆರೆಯಬಾರದೆಂಬ ನಿಯಮವಿತ್ತು ನಿಜ. ಆದರೆ ಔಷಧದ ಘಾಟು, ಹಳೆಯ ಗಾಯಗಳ ವಾಸನೆ ಕವಿದ ವಾರ್ಡಿಗೆ ಗಾಳಿ ಬಿಡದ ದಾದಿ ಎಂಥ ದಾದಿ? ಹಡಗು ಬಲಕ್ಕೆ ವಾಲಿದೊಡನೆ ಆ ಕಿಟಕಿಗಳ ಸಾಲು ನೀರಿನ ಮಟ್ಟಕ್ಕೆ ಇಳಿಯಿತು. ಒಂದೊಂದು ಕಿಟಕಿಯೂ ಒಂದೊಂದು ತೂಬಾಯಿತು. ಅಡ್ಡಗೋಡೆಗಳನ್ನು ಎಷ್ಟು ಎತ್ತರಿಸಿದ್ದರೇನು, ನೀರು ಗೋಡೆ ಹತ್ತಿ ಬರಲಿಲ್ಲ, ಪಕ್ಕದಿಂದ ಒಳಗೆ ಬಂತು.

ಮೂರು ಮೈಲಿ ದೂರದಲ್ಲಿ ಕೀಯಾದ ದಡ ಕಾಣುತ್ತಿತ್ತು. ಹಡಗನ್ನು ಅಲ್ಲಿಗೆ ಓಡಿಸಿ ಮರಳಿಗೆ ಹತ್ತಿಸಿಬಿಟ್ಟರೆ ಉಳಿದೀತೆಂದು ಬಾರ್ಟ್ಲೆಟ್ ಲೆಕ್ಕ ಹಾಕಿ, ಎಂಜಿನ್‌ಗಳನ್ನು ಚಾಲೂ ಇಟ್ಟ. ದೋಣಿಗಳನ್ನು ಸಜ್ಜುಗೊಳಿಸಿ, ಆದರೆ ಇಳಿಸಬೇಡಿ ಎಂದು ಆಜ್ಞೆಯಾಯಿತು. ಹಡಗು ಮುಂದೆ ನುಗ್ಗಿದಷ್ಟೂ ನೀರು ಒಳಗೆ ನುಗ್ಗಿತು. ಹಿಂಭಾಗ ಮೇಲೇಳುತ್ತ ದೈತ್ಯ ಪ್ರೊಪೆಲರ್‌ಗಳು ನೀರಿನಿಂದ ಹೊರಬಂದವು, ಇನ್ನೂ ಗಿರಗಿರನೆ ತಿರುಗುತ್ತಲೇ.

ದುರಂತದ ನಿಜವಾದ ಬಲಿ ಬಿದ್ದದ್ದು ಇಲ್ಲಿ. ಹಿಂಭಾಗದಲ್ಲಿದ್ದ ಕೆಲವರು ಆಜ್ಞೆಗೆ ಕಾಯದೆ ದೋಣಿಗಳನ್ನು ಇಳಿಸಿದರು. ಎರಡು ದೋಣಿಗಳು ಸೆಳೆತಕ್ಕೆ ಸಿಕ್ಕಿ ನೇರವಾಗಿ ಪ್ರೊಪೆಲರ್ ಬಾಯಿಗೆ ಹೋದವು. ಮೂರನೆಯದು ಇನ್ನೇನು ಹೋಗಬೇಕು, ಅಷ್ಟರಲ್ಲಿ ಎಂಜಿನ್ ನಿಂತಿತು. ಹಿಂದೆ ನಡೆಯುತ್ತಿದ್ದುದು ಬಾರ್ಟ್ಲೆಟ್‌ಗೆ ತಿಳಿದಿರಲಿಲ್ಲ. ದಡ ತಲುಪುವುದು ಅಸಾಧ್ಯವೆಂದು ಕಂಡು ಆತ ಯಂತ್ರ ನಿಲ್ಲಿಸಿದ್ದು, ಅದರಿಂದ ಆ ದೋಣಿಯವರು ಬದುಕಿದ್ದು.

ಕತ್ತರಿಸಿಹೋದ ಒಂದು ದೋಣಿಯಲ್ಲಿ ವಯೊಲೆಟ್ ಜೆಸಪ್ ಇದ್ದಳು. ಈಕೆಯ ಬಗ್ಗೆ ಬರೆದರೆ ಕಟ್ಟುಕಥೆ ಎಂದಾರು. 1911ರಲ್ಲಿ ಒಲಿಂಪಿಕ್ ಹಡಗು ಯುದ್ಧನೌಕೆಯೊಂದಕ್ಕೆ ಡಿಕ್ಕಿ ಹೊಡೆದಾಗ ಅದರಲ್ಲಿ ಪರಿಚಾರಿಕೆಯಾಗಿದ್ದಳು. 1912ರಲ್ಲಿ ಟೈಟಾನಿಕ್‌ನಲ್ಲಿದ್ದು ಪಾರಾದಳು. ಈಗ ಮೂರನೆಯ ಸೋದರಿಯಲ್ಲಿ ನರ್ಸ್ ಕೆಲಸ. ಸ್ಫೋಟವಾದ ಕೂಡಲೇ ಕೋಣೆಗೆ ಓಡಿ ಹಲ್ಲುಜ್ಜುವ ಬ್ರಷ್ ಎತ್ತಿಕೊಂಡಳಂತೆ. ಟೈಟಾನಿಕ್‌ನಿಂದ ಪಾರಾದ ಮೇಲೆ ಅವಳಿಗೆ ಎಲ್ಲಕ್ಕಿಂತ ಕಾಡಿದ ಕೊರತೆ ಅದೇ ಆಗಿತ್ತು! ಪ್ರೊಪೆಲರ್ ಹತ್ತಿರ ಬಂದಾಗ ಈಜು ಬಾರದ ಆಕೆ ನೀರಿಗೆ ಹಾರಿದಳು. ಹಡಗಿನ ಅಡಿಗೆ ತಲೆ ಬಡಿಯಿತು, ಆದರೂ ಮೇಲೆ ಬಂದಳು. ವರ್ಷಗಳ ನಂತರ ತಲೆನೋವೆಂದು ವೈದ್ಯರ ಬಳಿ ಹೋದಾಗ, ಹಿಂದೊಮ್ಮೆ ತಲೆಬುರುಡೆ ಬಿರುಕು ಬಿಟ್ಟಿತ್ತೆಂಬುದು ಗೊತ್ತಾಯಿತು. ಇಷ್ಟಾದರೂ ಯುದ್ಧದ ಬಳಿಕ ಮತ್ತೆ ಹಡಗಿನ ಕೆಲಸಕ್ಕೇ ಸೇರಿದಳು. 1971ರಲ್ಲಿ ತೀರಿಕೊಂಡದ್ದು ನೆಲದ ಮೇಲೆ.

9 ಗಂಟೆ 7 ನಿಮಿಷಕ್ಕೆ ಎಲ್ಲ ಮುಗಿಯಿತು. ಈಗ ಆ 882 ಅಡಿಯ ಲೆಕ್ಕಕ್ಕೆ ಬರೋಣ. ಅಲ್ಲಿ ಸಮುದ್ರದ ಆಳ ಸುಮಾರು 400 ಅಡಿ ಮಾತ್ರ. ಹಾಗಾಗಿ ಹಡಗಿನ ಮೂತಿ ತಳಕ್ಕೆ ತಾಗಿದಾಗ ಹಿಂಭಾಗ ಇನ್ನೂ ನೀರಿನ ಮೇಲೆ ಗಾಳಿಯಲ್ಲಿತ್ತು. ಕೊನೆಯವರೆಗೂ ಕೆಳಗೆ ದುಡಿದ ಎಂಜಿನಿಯರುಗಳು ನಾಲ್ಕನೆಯ ಹೊಗೆಕೊಳವೆಯೊಳಗಿನ ಏಣಿ ಹತ್ತಿ ಪಾರಾದರು. ಆ ಕೊಳವೆ ಬಹುಪಾಲು ಅಂದಕ್ಕೆ ಇಟ್ಟದ್ದು, ಹೊಗೆ ಬಿಡುತ್ತಿರಲಿಲ್ಲ. ಕಪ್ತಾನ ಕೊನೆಯವನಾಗಿ ನೀರಿಗಿಳಿದು ಈಜಿದ.

ಮೊದಲು ನೆರವಿಗೆ ಬಂದವರು ಕೀಯಾದ ಬೆಸ್ತರು. ಬಳಿಕ ಬ್ರಿಟಿಷ್ ನೌಕಾಪಡೆಯ ಹಡಗುಗಳು ಬಂದವು. ದ್ವೀಪದ ಪುಟ್ಟ ಬಂದರಿನಲ್ಲಿ ಗಾಯಗೊಂಡವರಿಗೆ ಕಟ್ಟಲು ಬಟ್ಟೆಯಿಲ್ಲದೆ ದಾದಿಯರು ತಮ್ಮ ಏಪ್ರನ್‌ಗಳನ್ನೇ ಹರಿದರು. ಸತ್ತವರು 30 ಮಂದಿ. ಹೆಚ್ಚಿನವರು ಆ ಎರಡು ದೋಣಿಗಳವರು. ದಾದಿಯರಲ್ಲಿ ಒಬ್ಬರೂ ಸಾಯಲಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಮುಳುಗಿದ ಅತಿ ದೊಡ್ಡ ಹಡಗಿನಲ್ಲಿ ಸಾವು ಇಷ್ಟಕ್ಕೆ ನಿಂತದ್ದೇಕೆ? ಟೈಟಾನಿಕ್ ಪಾಠದಿಂದಾಗಿ ದೋಣಿಗಳಿದ್ದವು, ಸರಿ. ಆದರೆ ಬೆಳಗಿನ ಹೊತ್ತು, ಬೆಚ್ಚಗಿನ ನೀರು, ಸಮೀಪದ ದಡ ಇವೆಲ್ಲ ಬರಿಯ ಅದೃಷ್ಟ. ಎಲ್ಲಕ್ಕಿಂತ ದೊಡ್ಡ ಅದೃಷ್ಟ ಎಂದರೆ ಹಾಸಿಗೆಗಳು ಖಾಲಿಯಿದ್ದದ್ದು. ಹಿಂದಿನ ಪಯಣದಲ್ಲಿ 3,000ಕ್ಕೂ ಹೆಚ್ಚು ರೋಗಿಗಳಿದ್ದರು. ಎದ್ದು ಕೂರಲಾಗದವರನ್ನು ಕೆಳಗಿನ ವಾರ್ಡ್‌ಗಳಿಂದ ಎತ್ತಿ ತಂದು ದೋಣಿಗೆ ಹಾಕಲು 55 ನಿಮಿಷ ಯಾವ ಮೂಲೆಗೆ?

ಕಣ್ಣಿಲ್ಲದ ಶತ್ರು

ಹೊಡೆದವರು ಯಾರು? ಜರ್ಮನ್ ಜಲಾಂತರ್ಗಾಮಿ ಟಾರ್ಪೆಡೊ ಬಿಟ್ಟಿತು, ಕೆಂಪು ಶಿಲುಬೆ ಕಂಡೂ ಹೊಡೆಯಿತು ಎಂದು ಆಗ ಹಲವರು ಹೇಳಿದರು. ಸ್ಫೋಟ ಕಂಡವರಲ್ಲಿ ಟಾರ್ಪೆಡೊ ನೋಡಿದೆವೆಂದವರೂ ಇದ್ದರು. ಆದರೆ ಮೂರೇ ದಿನಗಳಲ್ಲಿ ಸಿದ್ಧವಾದ ನೌಕಾಪಡೆಯ ಪುಟ್ಟ ವರದಿ, ಇದು ಬಹುಶಃ ಮೈನ್ ಎಂದಿತು. ಅದೇ ಸರಿಯಾಗಿತ್ತು. ಗುಸ್ತಾವ್ ಝೀಸ್ ಎಂಬಾತನ ನಾಯಕತ್ವದ ಯು-73 ಜಲಾಂತರ್ಗಾಮಿ ಅಕ್ಟೋಬರ್ ಕೊನೆಯಲ್ಲಿ ಈ ಜಲಮಾರ್ಗದಲ್ಲಿ ಮೈನ್‌ಗಳನ್ನು ಬಿತ್ತಿ ಹೋಗಿತ್ತು. ನವೆಂಬರ್ 14ರಂದು ಫ್ರಾನ್ಸ್‌ನ ಬುರ್ದಿಗಾಲಾ ಹಡಗು ಅಲ್ಲಿಯೇ ಸಮೀಪದಲ್ಲಿ ಮುಳುಗಿತು. ಬ್ರಿಟಾನಿಕ್ ಮುಳುಗಿದ ಎರಡು ದಿನಕ್ಕೆ ಇನ್ನೊಂದು ಆಸ್ಪತ್ರೆ ಹಡಗು ಬ್ರೇಮರ್ ಕ್ಯಾಸಲ್ ಕೂಡ ಏಜಿಯನ್ ಸಮುದ್ರದಲ್ಲೇ ಯು-73ರ ಮೈನ್‌ಗೆ ಸಿಕ್ಕಿ ಜಖಂಗೊಂಡಿತು.

ಹೇಗ್ ಒಪ್ಪಂದದ ದೌರ್ಬಲ್ಯ ಇಲ್ಲಿ ಬಯಲಾಯಿತು ಎನ್ನಬೇಕು. ಮೈನ್‌ಗೆ ಕಣ್ಣಿಲ್ಲ. ಬಿಳಿ ಬಣ್ಣ, ಹಸಿರು ಪಟ್ಟಿ, ಬೆಳಗುವ ಶಿಲುಬೆ ಯಾವುದೂ ನೀರಿನಡಿಯ ಕಬ್ಬಿಣದ ಗುಂಡಿಗೆ ಕಾಣದು. ಬಿತ್ತಿದವನು ಆ ಹೊತ್ತಿಗೆ ನೂರಾರು ಮೈಲಿ ದೂರದಲ್ಲಿರುತ್ತಾನೆ. ಯಾವ ಹಡಗು ಬಲಿಯಾಯಿತೆಂಬುದು ಅವನಿಗೂ ಆಮೇಲೆ ತಿಳಿಯುವ ಸಂಗತಿ.

ಕಣ್ಣಿದ್ದವರಾದರೂ ನೋಡಿ ಬಿಟ್ಟರೆ? ಬ್ರಿಟಾನಿಕ್‌ನ ಹಿಂದಿನ ಪಯಣವೊಂದರಲ್ಲಿ ಬಂದಿದ್ದ ಮೆಸ್ಸಾನಿ ಎಂಬ ಆಸ್ಟ್ರಿಯದ ಗಾಯಕ, ಹಡಗಿನಲ್ಲಿ ಖಾಕಿ ತೊಟ್ಟ 2,500 ಸೈನಿಕರಿದ್ದರು ಎಂದು ಊರಿಗೆ ಮರಳಿ ಹೇಳಿಕೆ ಕೊಟ್ಟ. ಅವರು ಖಾಕಿ ತೊಟ್ಟ ರೋಗಿಗಳೇ ಎಂದು ಬ್ರಿಟನ್ ಉತ್ತರಿಸಿತು. ಆದರೆ ಆಸ್ಪತ್ರೆ ಹಡಗುಗಳ ಹೆಸರಿನಲ್ಲಿ ಸೈನ್ಯ ಸಾಗಿಸುತ್ತಿದ್ದಾರೆಂದು ಜರ್ಮನಿ ದೂರುತ್ತಲೇ ಬಂತು. 1917ರ ಆರಂಭದಲ್ಲಿ, ಕೆಲವು ಸಮುದ್ರಗಳಲ್ಲಿ ಇನ್ನು ಆಸ್ಪತ್ರೆ ಹಡಗುಗಳಿಗೆ ರಿಯಾಯಿತಿ ಇಲ್ಲವೆಂದು ಸಾರಿತು. ಆ ಏಪ್ರಿಲ್‌ನಲ್ಲಿ ಟಾರ್ಪೆಡೊ ತಿಂದು ಮುಳುಗಿದ ಲ್ಯಾನ್‌ಫ್ರಾಂಕ್ ಹಡಗಿನಲ್ಲಿ ಜರ್ಮನ್ ಗಾಯಾಳುಗಳೂ ಇದ್ದರು.

1918ರ ಜೂನ್ 27ರ ರಾತ್ರಿ ನಡೆದದ್ದು ಇನ್ನೂ ಘೋರ. ಯೂನಿಯನ್ ಕ್ಯಾಸಲ್ ಕಂಪೆನಿಯ ಪ್ರಯಾಣಿಕ ಹಡಗು ಲ್ಯಾಂಡವರಿ ಕ್ಯಾಸಲ್, ಕೆನಡಾದ ಆಸ್ಪತ್ರೆ ಹಡಗಾಗಿ ಐರ್ಲೆಂಡ್ ಬಳಿ ದೀಪ ಬೆಳಗಿಸಿಕೊಂಡು ಸಾಗುತ್ತಿತ್ತು. ಯು-86ರ ಕಪ್ತಾನ ಹೆಲ್ಮುಟ್ ಪಾಟ್ಸಿಗ್ ಅದನ್ನು ನೋಡಿಯೇ ಮುಳುಗಿಸಿದ. ಶಸ್ತ್ರಾಸ್ತ್ರದ ಪುರಾವೆ ಸಿಗದಾದಾಗ ಸಾಕ್ಷಿಗಳು ಉಳಿಯಬಾರದೆಂದು ದೋಣಿಗಳ ಮೇಲೂ ಗುಂಡು ಹಾರಿಸಿದ. 258 ಜನರಲ್ಲಿ ಉಳಿದವರು 24. ಸತ್ತವರಲ್ಲಿ 14 ಮಂದಿ ದಾದಿಯರು. 1921ರಲ್ಲಿ ಜರ್ಮನಿಯದೇ ಲೈಪ್‌ಜಿಗ್ ನ್ಯಾಯಾಲಯ ಆತನ ಇಬ್ಬರು ಕಿರಿಯ ಅಧಿಕಾರಿಗಳಿಗೆ ನಾಲ್ಕು ವರ್ಷ ಶಿಕ್ಷೆ ವಿಧಿಸಿತು. ಅಧರ್ಮವೆಂದು ಎಂಥವನಿಗೂ ಗೊತ್ತಾಗುವ ಆಜ್ಞೆಯನ್ನು ಪಾಲಿಸಿದವನು ಮೇಲಧಿಕಾರಿಯ ನೆಪ ಹೇಳಿ ಪಾರಾಗುವಂತಿಲ್ಲ ಎಂದಿತು. ಶಿಕ್ಷೆ ಪೂರ್ತಿ ಜಾರಿಯಾಗಲಿಲ್ಲ, ಪಾಟ್ಸಿಗ್ ಕೈಗೆ ಸಿಗಲೇ ಇಲ್ಲ. ತೀರ್ಪು ಮಾತ್ರ ಇಂದಿಗೂ ಯುದ್ಧಾಪರಾಧದ ವಿಚಾರಣೆಗಳಲ್ಲಿ ಉಲ್ಲೇಖವಾಗುತ್ತಿದೆ.

ಬ್ರಿಟಾನಿಕ್‌ನ ಅವಶೇಷವನ್ನು 1975ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಪ್ರಖ್ಯಾತ ಸಮುದ್ರ ಸಂಶೋಧಕ ಝಾಕ್ ಕೂಸ್ತೊ ಪತ್ತೆ ಮಾಡಿದರು. ಬಲಮಗ್ಗುಲಿಗೆ ಮಲಗಿದೆ, ಮುರಿದ ಮೂತಿಯನ್ನು ಬಿಟ್ಟರೆ ಬಹುಮಟ್ಟಿಗೆ ಇಡಿಯಾಗಿದೆ. 2003ರಲ್ಲಿ ಇಳಿದ ಮುಳುಗುಗಾರರು ಸಮುದ್ರತಳದಲ್ಲಿ ಮೈನ್‌ಗಳ ಲಂಗರುಗಳನ್ನು ಕಂಡದ್ದರಿಂದ ಟಾರ್ಪೆಡೊ ವಾದಕ್ಕೆ ತೆರೆಬಿತ್ತು. ಬಾಯ್ಲರ್ ಕೋಣೆಗಳ ಬಾಗಿಲುಗಳು ತೆರೆದೇ ಇದ್ದುದನ್ನೂ ಅವರು ಕಂಡರು. 2025ರ ಮೇನಲ್ಲಿ ಹಡಗಿನ ಗಂಟೆಯನ್ನೂ ಎಡಮಗ್ಗುಲ ದೀಪವನ್ನೂ ಮೇಲೆತ್ತಿದರು. ಅವನ್ನು ಗ್ರೀಸ್‌ನ ಪಿರೇಯಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಡುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿದೆ.

ಸಮುದ್ರಕ್ಕೆ ಇಳಿಯದೆ ಉಳಿದುಕೊಂಡದ್ದೂ ಒಂದಿದೆ. ಮೊದಲ ದರ್ಜೆಯ ಪ್ರಯಾಣಿಕರಿಗೆಂದು ಜರ್ಮನಿಯ ವೆಲ್ಟೆ ಕಂಪೆನಿ ಒಂದು ದೊಡ್ಡ ಸ್ವಯಂಚಾಲಿತ ಪೈಪ್ ಆರ್ಗನ್ ತಯಾರಿಸಿತ್ತು. ಯುದ್ಧ ಬಂದದ್ದರಿಂದ ಅದು ಹಡಗು ಹತ್ತಲಿಲ್ಲ. ಕೈಯಿಂದ ಕೈಗೆ ದಾಟಿ ಸ್ವಿಟ್ಸರ್ಲೆಂಡಿನ ಸೀವೆನ್ ಎಂಬ ಹಳ್ಳಿಯ ವಸ್ತುಸಂಗ್ರಹಾಲಯ ಸೇರಿತು. 2007ರಲ್ಲಿ ದುರಸ್ತಿಗೆ ಬಿಚ್ಚಿದಾಗ ಒಳಗಿನ ಭಾಗಗಳ ಮೇಲೆ 'ಬ್ರಿಟಾನಿಕ್' ಎಂದು ಗುರುತು ಹಾಕಿದ್ದು ಕಂಡಿತು. ಅಲ್ಲಿಯವರೆಗೆ ಅದು ಯಾವ ಹಡಗಿನದೆಂದು ಅದನ್ನು ಕೇಳುತ್ತಿದ್ದವರಿಗೆ ಗೊತ್ತಿರಲಿಲ್ಲ. ದುರಸ್ತಿಯಾದ ಮೇಲೆ ಅದು ಮತ್ತೆ ನುಡಿಯುತ್ತಿದೆ.